ಕೌದಿಯ ಬೆನ್ನು

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಗಾದರೂ ಹೋಗಿ ಮಂಚದ ಮೇಲೆ ಕುಳಿತರೆ, ಮನೆಯಾಕೆ ಚಹಾ ತರಲು ಒಳಗೆ ಹೋದ ಕೂಡಲೇ, ಹಾಸಿಗೆಯ ಮೇಲಿನ ಹೊದಿಕೆಯ ಅಂಚನ್ನು ಮೆಲ್ಲಗೆ ಮಗುಚಿ ಅದರ ಬೆನ್ನು ನೋಡುತ್ತೇನೆ. ಒಮ್ಮೆ ಬೀಗರ ಮನೆಯಲ್ಲಿ ಸಿಕ್ಕಿಬಿದ್ದೆ. “ನಮ್ಮ ಮನ್ಯಾಗ ತಗಣಿ ಇಲ್ಲರಿ,” ಎಂದು ಬೀಗತಿ ಚಹಾದ ಕಪ್ಪನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟರು. ನಾನು ಹುಡುಕುತ್ತಿದ್ದುದು ತಿಗಣೆಯನ್ನಲ್ಲ, ಹೊಲಿಗೆಯನ್ನು ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಬಟ್ಟೆಯ ಮುಖವನ್ನು ಎಲ್ಲರೂ ಅಂದಗೊಳಿಸುತ್ತಾರೆ. ಹೊಲಿದವರ ಕೈ ಎಂಥದ್ದು ಎಂಬುದು ಬೆನ್ನಿನ ಮೇಲೆ ತಿಳಿಯುತ್ತದೆ. ಈ ವಿದ್ಯೆ ನನಗೆ ಹತ್ತಿದ್ದು ಎಪ್ಪತ್ತರ ದಶಕದಲ್ಲಿ, ಮುದ್ದೇಬಿಹಾಳದ ನಮ್ಮ ಮನೆಯ ಪಡಸಾಲೆಯಲ್ಲಿ. ಮಧ್ಯಾಹ್ನದ ರೊಟ್ಟಿ ಮುಗಿದು ಗಂಡಸರು ಹೊರಬಿದ್ದ ಮೇಲೆ ಅಲ್ಲಿ ಕೌದಿ ಹಾಸುತ್ತಿದ್ದರು. ಕೆಳಗೆ ಹಳೆಯ ಇಳಕಲ್ಲ ಸೀರೆ, ನಡುವೆ ಅಪ್ಪನ ಹರಿದ ಧೋತರ, ಮೇಲೆ ಮನೆಮಂದಿಯ ಅಂಗಿ, ಕುಪ್ಪಸ, ಲಂಗಗಳ ತುಂಡುಗಳು. ನಮ್ಮ ಮನೆಯಲ್ಲಿ ಯಾವ ಬಟ್ಟೆಯೂ ಸಾಯುತ್ತಿರಲಿಲ್ಲ, ಕೌದಿಗೆ ಹೋಗುತ್ತಿತ್ತು ಅಷ್ಟೇ.

ಕೌದಿಯ ನಾಲ್ಕು ಬದಿಗೆ ನಾಲ್ವರು. ಒಂದು ಬದಿಗೆ ನನ್ನ ಅಜ್ಜಿ, ಬಸವನ ಬಾಗೇವಾಡಿಯ ಮಗಳು. ನಾವು ಆಯಿ ಎನ್ನುತ್ತಿದ್ದೆವು. ಇನ್ನೊಂದು ಬದಿಗೆ ಮುದ್ದೇಬಿಹಾಳದಲ್ಲೇ ಹುಟ್ಟಿ ಮುದ್ದೇಬಿಹಾಳಕ್ಕೇ ಸೊಸೆಯಾದ ನನ್ನ ಅವ್ವ. ಉಳಿದೆರಡು ಬದಿಗೆ ಓಣಿಯ ಇಬ್ಬರು, ಇಂಡಿ ಅತ್ತಿ ಮತ್ತು ಸಿಂದಗಿ ಅತ್ತಿ. ಅವರಿಗೆ ಬೇರೆ ಹೆಸರುಗಳಿದ್ದವು ಎಂಬುದು ಮತದಾರರ ಯಾದಿ ಬಂದಾಗ ಮಾತ್ರ ಗೊತ್ತಾಗುತ್ತಿತ್ತು. ತವರಿನ ಹೆಸರೇ ಅವರ ಹೆಸರು, ತವರಿನ ಹೊಲಿಗೆಯೇ ಅವರ ಹೊಲಿಗೆ. ಇಂಡಿ ಅತ್ತಿಯದು ನುಚ್ಚಿನ ಕಾಳಿನಷ್ಟು ಸಣ್ಣದು. ಸಿಂದಗಿ ಅತ್ತಿಯದು ಉದ್ದ, ಬಿಗಿ.

“ನಮ್ಮ ಸಿಂದಗಿ ಕಡೆ ಕೌದಿ ಮೂರು ಬಾಣಂತನ ಕಂಡ್ರೂ ಹರಿಯಂಗಿಲ್ಲ,” ಎನ್ನುವಳು ಈಕೆ.

“ಹರಿಯಂಗಿಲ್ಲ ಖರೆ. ಅದನ್ನ ಹೊತಗೊಂಡಾಕಿ ಏಳಂಗಿಲ್ಲ, ಅಷ್ಟು ಭಾರ,” ಎನ್ನುವಳು ಆಕೆ.

ನಾನು ಜಿಲ್ಲೆಯ ನಕಾಶೆ ಕಲಿತದ್ದೂ ಈ ಕೌದಿಯ ಮೇಲೆಯೇ. ಬಡಗಣಕ್ಕೆ ಇಂಡಿ, ಮೂಡಣಕ್ಕೆ ಸಿಂದಗಿ, ಪಡುವಣಕ್ಕೆ ಬಾಗೇವಾಡಿ, ತೆಂಕಣಕ್ಕೆ ನಮ್ಮ ಅವ್ವ. ಸಾಲಿಮಾಸ್ತರರು ಹಲಗೆಯ ಮೇಲೆ ಬರೆಯುವ ಮೊದಲೇ ನನಗದು ಬಾಯಿಪಾಠ. ಆದರೆ ಒಮ್ಮೆ ಬಿಸಿಲು ಬೀಳುತ್ತದೆಂದು ಇಂಡಿ ಅತ್ತಿ ಜಾಗ ಬದಲಿಸಿದ್ದರಿಂದ, ಆ ವರ್ಷದ ಪರೀಕ್ಷೆಯಲ್ಲಿ ಇಂಡಿ ಊರು ತೆಂಕಣಕ್ಕೆ ಸರಿದು ಕೃಷ್ಣಾ ನದಿಯ ದಂಡೆಗೆ ಬಂದು ನಿಂತಿತು. ಮಾಸ್ತರರು ಕಿವಿ ಹಿಂಡಿದರು. ಕೌದಿಯ ವಿಷಯ ಅವರಿಗೆ ಹೇಗೆ ಹೇಳಲಿ?

ಕೌದಿಯ ಹೊಲಿಗೆ ಅಂಚಿನಿಂದ ಸುರುವಾಗಿ ಸುತ್ತು ಸುತ್ತಾಗಿ ಒಳಗೆ ಸರಿಯುತ್ತದೆ. ಹೊಲಿಯುವವರೂ ಸರಿಯುತ್ತಾ ಬಂದು ಕೊನೆಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರವಾಗುತ್ತಾರೆ. ನಡುವೆ ಅಂಗೈಯಗಲ ಉಳಿದಾಗ ಎಲ್ಲರೂ ಸೂಜಿ ನಿಲ್ಲಿಸುತ್ತಿದ್ದರು. ಅದು ಕೌದಿಯ ಹೊಟ್ಟೆ. ಆಯಿ ಅಲ್ಲಿ ಹೋಳಿಗೆಯ ಒಂದು ಚೂರು ಇಟ್ಟು ಮೇಲೆ ತುಂಡು ಮುಚ್ಚಿ ಹೊಲಿಯುತ್ತಿದ್ದಳು. ಯಾಕೆ ಎಂದರೆ, “ಹಸದ ಕೌದಿ ಮಂದಿಗೆ ಏನ್ ನಿದ್ದಿ ಕೊಡತೈತಿ?” ಎನ್ನುತ್ತಿದ್ದಳು. ಆ ಚೂರಿನ ವಾಸನೆಗೆ ಬಂದ ಇರುವೆಗಳು ನಮ್ಮ ನಿದ್ದೆ ಕೆಡಿಸುತ್ತಿದ್ದುದು ಬೇರೆ ಮಾತು.

ನನಗೆ ಏಳು ವರ್ಷವಾದಾಗ ಆಯಿ ತನ್ನ ಬದಿಯನ್ನು ನನಗೆ ಬಿಟ್ಟುಕೊಟ್ಟಳು. ಅಂಚಿನ ಮೊದಲ ಸಾಲನ್ನು ನಾಲಿಗೆ ಕಚ್ಚಿಕೊಂಡು ಹೊಲಿದು ಮುಗಿಸಿದೆ. “ಬಂಗಾರದಂಥಾ ಕೈ ನಮ್ಮ ಹುಡಿಗಿದು,” ಎಂದಳು ಆಯಿ. ಆ ಕೌದಿ ನನ್ನದೇ ಆಯಿತು. ಮೊದಲ ಸಲ ಒಗೆದು ಒಣಗಿ ಬಂದಾಗ ಅದರ ಒಂದು ಬದಿಗೆ ಆಯಿಯ ಹಸಿರು ಸೀರೆಯ ಅಗಲ ಅಂಚು ಸೇರಿತ್ತು, ಎರಡೂ ಮುಖಕ್ಕೆ ಮಡಚಿ ಹೊಲಿದಿದ್ದಳು. “ಜರಾ ಚಂದ ಕಾಣಲಿ ಅಂತ,” ಎಂದಳು. ಬಂಗಾರದ ಕೈಗೆ ಕೊಟ್ಟ ಇನಾಮು ಎಂದು ನಾನು ಬೀಗಿದೆ.

ಆ ಬೀಗುವಿಕೆ ಒಂಬತ್ತನೆಯ ಇಯತ್ತೆಗೆ ಬಂದರೂ ಇಳಿಯಲಿಲ್ಲ. ಅಲ್ಲಿ ಹೊಲಿಗೆಯ ತಾಸಿನಲ್ಲಿ ನಾನೇ ಮೊದಲಿಗಳು. ಫೂಟುಪಟ್ಟಿ ಇಟ್ಟು ಅಳೆದರೂ ಒಂದು ಹೊಲಿಗೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಿರಬಾರದು ಎನ್ನುವ, ನಮಗೆ ಹೊಲಿಗೆ ಕಲಿಸುವ ಬಾಯಾರು ನನಗೊಂದು ಪುಟ್ಟ ಕತ್ತರಿ ಬಹುಮಾನ ಕೊಟ್ಟರು. ಅದೇ ವರ್ಷ ಅಕ್ಕನ ಮದುವೆ ಸೊಲ್ಲಾಪುರಕ್ಕೆ ಗೊತ್ತಾಯಿತು. ಅವಳ ಜೊತೆ ಕಳಿಸುವ ಕೌದಿಯನ್ನು ಪಡಸಾಲೆಯಲ್ಲಿ ಹಾಸಿದರು.

ಆಯಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಬೆರಳಿನಿಂದ ತಡವಿ ತಡವಿ ಹೊಲಿಯುತ್ತಿದ್ದಳು. ಅವಳ ಎರಡು ಸಾಲು ಅತ್ತಿತ್ತ ಹೊರಳಿದ್ದವು. ಎಲ್ಲರಿಗೂ ಕಂಡಿತ್ತು, ಯಾರೂ ಬಾಯಿ ಬಿಡಲಿಲ್ಲ.

“ಸೊಲ್ಲಾಪುರದವರು ನಗ್ತಾರ ಬೇ,” ಎಂದೆ ಅವ್ವನಿಗೆ.

“ನಗೂರು ನಗಲಿ. ನೀ ಸುಮ್ಮನಿರು.”

ನಾನು ಸುಮ್ಮನಿರಲಿಲ್ಲ. ಅವ್ವ ಸಂತೆಗೆ, ಆಯಿ ಪಕ್ಕದ ಮನೆಗೆ ಹೋದದ್ದನ್ನು ನೋಡಿ, ಬಹುಮಾನದ ಕತ್ತರಿಯಿಂದ ಆಯಿಯ ಎರಡೂ ಸಾಲು ಬಿಚ್ಚಿದೆ. ಫೂಟುಪಟ್ಟಿ ಇಟ್ಟು ಹೊಸದಾಗಿ ಹೊಲಿದೆ. ಅಷ್ಟು ನೇರವಾದ ಸಾಲನ್ನು ನಮ್ಮ ಪಡಸಾಲೆ ಕಂಡೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರೂ ಕೂತರು. ಎಲ್ಲಿಗೆ ಬಿಟ್ಟಿದ್ದೆ ಎಂದು ನೋಡಲು ಆಯಿ ತನ್ನ ಬದಿಯ ಮೇಲೆ ಬೆರಳಾಡಿಸಿದಳು. ಬೆರಳು ಒಮ್ಮೆ ಹೋಯಿತು, ತಿರುಗಿ ಬಂತು, ಮತ್ತೆ ಹೋಯಿತು.

“ಇದು ನನ್ನ ಕೈ ಅಲ್ಲ,” ಎಂದಳು.

ಸಿಂದಗಿ ಅತ್ತಿ ತಲೆ ಎತ್ತಲಿಲ್ಲ. ಇಂಡಿ ಅತ್ತಿ ಬಾಗಿ ಸಾಲನ್ನು ನೋಡಿ, ನನ್ನನ್ನೂ ನೋಡಿ, “ಚಂದ ಐತೆವ್ವಾ. ಆದ್ರ ಇದು ಯಾರ ಕೈನೂ ಅಲ್ಲ,” ಎಂದಳು.

“ಇರ್ಲಿ ಬಿಡ್ರಿ,” ಎಂದಳು ಆಯಿ. “ದೊಡ್ಡ ಊರಿಗೆ ಹೋಗೂ ಕೌದಿ. ಛಲೋನ ಆತು.” ಸೂಜಿಯನ್ನು ದಾರದುಂಡೆಗೆ ಚುಚ್ಚಿ ನನ್ನ ಕಡೆ ಸರಿಸಿದಳು. ಆ ಮೇಲೆ ಅವಳು ಸೂಜಿ ಹಿಡಿಯಲೇ ಇಲ್ಲ. ಪಕ್ಕದಲ್ಲಿ ಕೂತು ಚಿಂದಿ ಹರಿದು ಜೋಡಿಸುತ್ತಿದ್ದಳು. ಬಾಗೇವಾಡಿಯ ಬದಿಗೆ ನಾನು ಕೂತೆ. ಕೊನೆಯಲ್ಲಿ ಕೌದಿಯ ಹೊಟ್ಟೆಗೆ ಹೋಳಿಗೆಯ ಚೂರನ್ನು ಮಾತ್ರ ತಾನೇ ಇಟ್ಟಳು. ಸೊಲ್ಲಾಪುರದವರು ಕೌದಿಯನ್ನು ಬಾಯಿ ತುಂಬ ಹೊಗಳಿದರಂತೆ. ಎರಡು ವರ್ಷಕ್ಕೆ ಆಯಿ ತೀರಿಕೊಂಡಳು. ತಪ್ಪಾಯಿತು ಎಂದು ನಾನು ಅವಳಿಗೆ ಹೇಳಲೇ ಇಲ್ಲ. ಆಗ ತಪ್ಪು ಅನಿಸಿದ್ದರೆ ತಾನೆ ಹೇಳಲು?

ತಪ್ಪು ಅನಿಸಿದ್ದು ಈಚೆಗೆ, ನನ್ನ ಹಳೆಯ ಕೌದಿ ಒಗೆಯುವಾಗ. ಹಸಿರು ಸೀರೆಯ ಅಂಚು ಜೀರ್ಣವಾಗಿ ಕೈಯಲ್ಲೇ ಬಿಟ್ಟುಬಂತು. ಅದರ ಒಳಗೆ ನಾನು ಏಳು ವರ್ಷದವಳಿದ್ದಾಗ ಹೊಲಿದ ಸಾಲು ಇತ್ತು. ಒಂದು ಹೊಲಿಗೆ ಬೆರಳುದ್ದ, ಇನ್ನೊಂದು ಇರುವೆಯಷ್ಟು, ನಡುನಡುವೆ ಗಂಟು. ಒಂದು ಕಡೆಯಂತೂ ದಾರ ಬಟ್ಟೆಯನ್ನು ಹಿಡಿದೇ ಇರಲಿಲ್ಲ. ಬಂಗಾರದ ಕೈ! ಅದನ್ನು ಬಿಚ್ಚಲು ಐದು ನಿಮಿಷ ಸಾಕಿತ್ತು. ಆಯಿ ಬಿಚ್ಚಿರಲಿಲ್ಲ. ತನ್ನ ಸೀರೆಯ ಅಂಚು ಹರಿದು ಅದರ ಮೇಲೆ ಹೊದಿಸಿ, ಆ ಸಾಲು ಬಿಡದಂತೆ ಅತ್ತಿತ್ತ ತನ್ನ ಹೊಲಿಗೆ ಹಾಕಿದ್ದಳು. ಹಿತ್ತಲಿನಲ್ಲಿ ಒದ್ದೆ ಕೌದಿ ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟೆ.

ಸೊಸೆ ಓಡಿಬಂದು ನೋಡಿದಳು. “ಇಷ್ಟ ಕೆಟ್ಟ ಯಾರು ಹೊಲದಿದ್ರು ಅತ್ತಿ? ಬಿಚ್ಚಿ, ಮಷಿನ್ ಮ್ಯಾಲೆ ಒಂದು ಸಾಲು ಹೊಡದು ಕೊಡ್ಲೇನು?”

“ಬಿಚ್ಚಬ್ಯಾಡವ್ವಾ,” ಎಂದೆ. “ನನಗ ದಾರಷ್ಟ ಪೋಣಿಸಿ ಕೊಡು.” ಈಗ ನನ್ನ ಕಣ್ಣಿಗೂ ಸೂಜಿಯ ತೂತು ಕಾಣುವುದಿಲ್ಲ. ನನ್ನದೊಂದು ಸೀರೆಯ ಅಂಚು ಹರಿದು ಅದರ ಮೇಲೆ ಹೊದಿಸಿ ಹೊಲಿದೆ. ಸಾಲು ಅತ್ತಿತ್ತ ಹೊರಳಿತು. ಸೊಸೆಗೆ ಕಂಡಿರಬೇಕು, ಬಾಯಿ ಬಿಡಲಿಲ್ಲ.

ಚಟ ಮಾತ್ರ ಬಿಟ್ಟಿಲ್ಲ. ಈಗಲೂ ಹೋದ ಮನೆಯಲ್ಲಿ ಹೊದಿಕೆಯ ಅಂಚು ಮಗುಚುತ್ತೇನೆ. ಆದರೆ ನೇರವಾದ ಸಾಲು ಹುಡುಕುವುದಿಲ್ಲ. ನಾಲ್ಕು ಸಾಲು ನೆಟ್ಟಗಿದ್ದು, ಅವುಗಳ ನಡುವೆ ಯಾರೂ ಬಿಚ್ಚದೆ ಬಿಟ್ಟ ಒಂದು ಸೊಟ್ಟ ಸಾಲು ಕಂಡರೆ, ಆ ಮನೆಯಲ್ಲಿ ಚಹಾ ಒಂದೇ ಕುಡಿದು ಏಳುವುದಿಲ್ಲ. ಊಟಕ್ಕೂ ಕೂರುತ್ತೇನೆ.