ಪಾಲಿಗೆ ಸಿಗದ ಬೆಕ್ಕು

ನನ್ನ ಮಡಿಲಲ್ಲಿ ಈಗೊಂದು ಬೆಕ್ಕಿನ ಮರಿಯಿದೆ. ಅಂಗೈಯಷ್ಟೂ ಇಲ್ಲ, ಕೂಗು ಮಾತ್ರ ಬೀದಿಗೆಲ್ಲ ಕೇಳುತ್ತದೆ. ಇದರ ತಾಯಿ ಬೆಳಗಿನಿಂದ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಪಕ್ಕದ ಮನೆಯ ಅಟ್ಟಕ್ಕೆ ಸಾಗಿಸಿದ್ದಾಳೆ. ಇದೊಂದು ಉಳಿದಿದೆ. ಅಷ್ಟರಲ್ಲಿ ಮಳೆಯ ಎರಚಲು ಒಳಗೆ ಬರುತ್ತದೆಂದು ನಾನು ಕಿಟಕಿ ಮುಚ್ಚಿದೆ. ಪಕ್ಕದ ಮನೆಯಾಕೆಗೂ ನನಗೂ ದಾಸವಾಳ ಕಿತ್ತ ವಿಷಯಕ್ಕೆ ಮಾತು ನಿಂತಿದೆ, ಅದಿರಲಿ. ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎನ್ನುತ್ತಾರಲ್ಲ, ಆ ಮಾತು ಬಂದರೆ ನನಗೆ ಮೂಡಿಗೆರೆಯ ನಮ್ಮ ಬೂದಮ್ಮ ನೆನಪಾಗುತ್ತಾಳೆ.

ಬೂದಮ್ಮ ನಮ್ಮ ಅಂಗಡಿಯ ಬೆಕ್ಕು. ಬೂದಿ ಬಣ್ಣದವಳಾದ್ದರಿಂದ ಆ ಹೆಸರು. ಆಗ ಯುದ್ಧದ ಕಾಲ, ಸೀಮೆಎಣ್ಣೆಗೆ ಜನ ಸಾಲು ನಿಲ್ಲುತ್ತಿದ್ದ ದಿನಗಳು. ಅಪ್ಪಾಜಿ, ದೊಡ್ಡಪ್ಪ ಇಬ್ಬರದೂ ಒಂದೇ ದಿನಸಿ ಅಂಗಡಿ, ಹಿಂದೆಯೇ ಮನೆ. ಸಂತೆಯ ದಿನ ಬಾಳೂರು ಕಡೆಯ ಎಸ್ಟೇಟುಗಳ ಲೆಕ್ಕ ಬರೆಯುವ ರೈಟರುಗಳು, ಮೇಸ್ತ್ರಿಗಳು ಬಂದರೆಂದರೆ ಕೂರಲು ಜಾಗವಿರುತ್ತಿರಲಿಲ್ಲ. ಅಕ್ಕಿ ಮೂಟೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೂದಮ್ಮ. ಸಂಬಳವಿಲ್ಲದ ನೌಕರಿ; ಆದರೂ ಗಲ್ಲಾಪೆಟ್ಟಿಗೆಯ ಮೇಲೆ ಕೂರುವ ಹಕ್ಕು ಅಪ್ಪಾಜಿಗಿಂತ ಅವಳಿಗೇ ಹೆಚ್ಚಿತ್ತು.

ಅಣ್ಣತಮ್ಮಂದಿರು ಪಾಲಾದರು. ಯಾಕೆಂದು ಕೇಳಬೇಡಿ, ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಹಿರಿಯರು ಕೂತು ಪಾತ್ರೆ, ಹಸು, ಒರಳು ಎಲ್ಲ ಹಂಚಿದರು. ಮನೆಯ ನಡುವೆ ಬಿದಿರಿನ ತಟ್ಟಿ ಕಟ್ಟಿ ಮಣ್ಣು ಮೆತ್ತಿದರು. ಕಾಫಿಬೀಜ ಹುರಿಯುವ ಕಬ್ಬಿಣದ ಉರುಳೆ ದೊಡ್ಡಮ್ಮನ ತವರಿನದು, ಅದು ಆ ಕಡೆ ಹೋಯಿತು. ಪುಡಿ ಮಾಡುವ ಕೈಮಿಷನ್ನು ನಮ್ಮವ್ವನ ತವರಿನದು, ಅದು ಈ ಕಡೆ ಉಳಿಯಿತು. ನ್ಯಾಯವೇನೋ ಸರಿಯಾಯಿತು, ಕಾಫಿ ಮಾತ್ರ ಎರಡೂ ಮನೆಯಲ್ಲಿ ಕೆಟ್ಟಿತು. ಅವ್ವ ಬಾಣಲೆಯಲ್ಲಿ ಹುರಿದರೆ ಅರ್ಧ ಸೀದು ಅರ್ಧ ಹಸಿ. ದೊಡ್ಡಮ್ಮ ಒರಳಲ್ಲಿ ಕುಟ್ಟಿದ ಪುಡಿ ಹಲ್ಲಿಗೆ ಸಿಗುತ್ತಿತ್ತಂತೆ. ಕಾಫಿ ಸೀಮೆಯಲ್ಲಿ ಹುಟ್ಟಿ ಕಷಾಯ ಕುಡಿದೆವು, ಮಾರಾಯರೇ.

ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ದಿನಾ ಜಡೆ ಹಾಕುತ್ತಿದ್ದವಳು ಇದೇ ದೊಡ್ಡಮ್ಮ. ಪಾಲಾದ ಮೇಲೆ ಬಾವಿಕಟ್ಟೆಯಲ್ಲಿ ಎದುರಾದರೂ ಇಬ್ಬರೂ ಮುಖ ತಿರುಗಿಸುತ್ತಿದ್ದರು. ತಟ್ಟಿಯ ಆಚೆ ಬೀಜ ಹುರಿಯುವ ಘಮ ಎದ್ದಾಗ ಮಾತ್ರ ಅವ್ವ ಕೈಯ ಕೆಲಸ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದಳು. ಅವಳಿಗೆ ಅಕ್ಕ ಬೇಕಾಗಿದ್ದಳು. ಮೊದಲು ಮಾತಾಡಿ ಸೋಲುವುದು ಬೇಕಿರಲಿಲ್ಲ.

ಇಷ್ಟೆಲ್ಲ ಹಂಚಿದ ಹಿರಿಯರು ಬೂದಮ್ಮನನ್ನು ಮರೆತಿದ್ದರು. ಅವಳು ತಟ್ಟಿಯ ಬುಡದಲ್ಲಿ ಕಂಡಿ ಮಾಡಿಕೊಂಡು ಅಲ್ಲೂ ಉಂಡಳು, ಇಲ್ಲೂ ಉಂಡಳು. ಮರಿ ಹಾಕಿದ್ದು ಮಾತ್ರ ನಮ್ಮ ಕಡೆ, ಗೋಣಿಚೀಲಗಳ ಮೇಲೆ. ಅವ್ವ ಗೆದ್ದವಳ ಹಾಗೆ ಹಾಲು ಅನ್ನ ಕಲಸಿಟ್ಟು ಬಾಣಂತನ ಮಾಡಿದಳು. ಮರಿಗಳು ಕಣ್ಣು ಬಿಡುವುದೇ ತಡ, ಬೂದಮ್ಮ ಒಂದೊಂದನ್ನೇ ಕಂಡಿಯಿಂದ ಆ ಕಡೆಗೆ ಸಾಗಿಸತೊಡಗಿದಳು. ಬೀಜ ಹುರಿಯುವ ಒಲೆಯ ಮಗ್ಗುಲು ಬೆಚ್ಚಗಿತ್ತು, ಅಷ್ಟೇ. ಅವ್ವನಿಗೆ ಮೈಯೆಲ್ಲ ಉರಿಯಿತು. ಬಾಣಂತನ ನಮ್ಮದು, ಮಕ್ಕಳು ಅವರಿಗೋ ಎನ್ನುತ್ತ ಕಂಡಿಗೆ ಗೋಣಿ ತುರುಕಿಬಿಟ್ಟಳು. ತಾಯಿ ಆ ಕಡೆ ಇದ್ದಳು, ಒಂದು ಮರಿ ಈ ಕಡೆ ಉಳಿಯಿತು. ಬೀದಿನಾಯಿಗಳ ಭಯಕ್ಕೆ ಬೂದಮ್ಮ ಹೊರಗಿನಿಂದ ಸುತ್ತಿ ಬರುವವಳಲ್ಲ.

ಮರಿ ಕೂಗಿತು. ಅವ್ವ ಹಾಲಲ್ಲಿ ಬತ್ತಿ ಅದ್ದಿ ಅದರ ಬಾಯಿಗಿಟ್ಟಳು, ಕುಡಿಯಲಿಲ್ಲ. ಸಂಜೆಯ ಹೊತ್ತಿಗೆ ಕೂಗು ಸಣ್ಣದಾಯಿತು. ಸತ್ತೇ ಹೋಗುತ್ತದೆಂದು ನಾನು ಅಳತೊಡಗಿದೆ. ಅವ್ವ ಮರಿಯನ್ನು ಸೆರಗಲ್ಲಿ ಸುತ್ತಿ ತಟ್ಟಿಯ ಬಳಿ ಕೂತಳು. ಏಳಲಿಲ್ಲ, ಗೋಣಿಯನ್ನೂ ತೆಗೆಯಲಿಲ್ಲ. ಆ ಕಡೆಯಿಂದ ಬೂದಮ್ಮ ಪರಪರ ಕೆರೆಯುತ್ತಿದ್ದಳು. ಆಗ ಕೇಳಿಸಿತು ದೊಡ್ಡಮ್ಮನ ದನಿ.

"ಗೌರೀ, ಆ ಗೋಣಿ ತೆಗಿ ಮಾರಾಯ್ತಿ. ಇದ್ರ ಸಂಕಟ ನೋಡಕ್ಕಾಗಲ್ಲ ನಂಗೆ."

ಅವ್ವ ಗೋಣಿ ಎಳೆದಳು. ಕಂಡಿಯಿಂದ ಹಸಿರು ಬಳೆಯ ಕೈ ಬಂತು. ಅಂಗೈಯ ಮೇಲೆ ಅವ್ವ ಮರಿ ಇಟ್ಟಳು, ಕೈ ಒಳಗೆ ಹೋಯಿತು. ಆಮೇಲೆ ಅದೇ ಕೈ ಮತ್ತೆ ಬಂತು, ಹಿಡಿ ತುಂಬ ಹುರಿದ ಕಾಫಿಬೀಜ, ಇನ್ನೂ ಬಿಸಿ.

"ಕುಟ್ಟಿ ಕುಟ್ಟಿ ರಟ್ಟೆ ಬಿದ್ದೋಗಿದೆ," ಎಂದಳು ದೊಡ್ಡಮ್ಮ.

"ಕೊಡಿ ಅಕ್ಕ, ನಾನು ಪುಡಿ ಮಾಡ್ಕೊಡ್ತೀನಿ."

ಅವ್ವ ಅಳುತ್ತಿದ್ದಳು. ನಾನು ನೋಡಿದ್ದು ಗೊತ್ತಾಗಿ, ಹೊಗೆ ಎಂದಳು. ನಮ್ಮ ಒಲೆ ಇನ್ನೂ ಹತ್ತಿಸಿರಲಿಲ್ಲ.

ತಟ್ಟಿಯನ್ನು ಯಾರೂ ಕೀಳಲಿಲ್ಲ. ಗಂಡಸರ ಪಾಲು ಪಾಲಾಗಿಯೇ ಉಳಿಯಿತು. ಕಂಡಿ ಮಾತ್ರ ದೊಡ್ಡದಾಗುತ್ತ ಹೋಯಿತು. ಬೀಜ ಈ ಕಡೆ ಬಂತು, ಪುಡಿ ಆ ಕಡೆ ಹೋಯಿತು, ಆಮೇಲೆ ಕಡುಬು, ಹೋಳಿಗೆ, ಊರ ಸುದ್ದಿ. ಕೊನೆಗೆ ನಾನೇ ತೂರಿ ಹೋಗುವಷ್ಟಾಯಿತು. ಅಪ್ಪಾಜಿ ಅದನ್ನು ಇಲಿ ಕೊರೆದದ್ದು ಎಂದುಕೊಂಡರು. ಬೂದಮ್ಮನ ಮೇಲೆ ಅವರಿಗಿದ್ದ ನಂಬಿಕೆ ಕಮ್ಮಿಯಾಯಿತು, ಪಾಪ. ನಮ್ಮ ಮನೆಯ ಕಾಫಿ ಮಾತ್ರ ಸುಧಾರಿಸಿತು.

ಇಷ್ಟು ಹೇಳುವಷ್ಟರಲ್ಲಿ ಮಡಿಲಿನ ಮರಿಯ ಕೂಗೂ ಸಣ್ಣದಾಗಿದೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಎರಚಲು ಗಿರಚಲು ಏನೂ ಇರಲಿಲ್ಲ. ಹೊರಗೆ ಒಳ್ಳೆ ಬಿಸಿಲಿದೆ. ಬಾಣಂತನ ನನ್ನದು, ಮಕ್ಕಳು ಪಕ್ಕದ ಮನೆಯಾಕೆಗೋ ಎಂದು ಕಿಟಕಿ ಮುಚ್ಚಿದ್ದು. ಅವ್ವನ ಮಗಳಲ್ಲವೇ ನಾನು. ಈಗ ಕಿಟಕಿ ತೆಗೆದರೆ ತಾಯಿ ಬಂದು ಒಯ್ಯುತ್ತಾಳೆ, ನಾನು ಯಾರಿಗೂ ಸೋಲಬೇಕಿಲ್ಲ. ಬೇಡ. ಮರಿಯನ್ನು ಸೆರಗಲ್ಲಿ ಸುತ್ತಿಕೊಂಡಿದ್ದೇನೆ, ಬಾಗಿಲಿನಿಂದಲೇ ಹೋಗುತ್ತೇನೆ. ಆಕೆಯ ಮನೆಯ ಕಾಫಿ ಹೇಗಿರುತ್ತದೋ ಏನೋ, ಕೊಟ್ಟರೆ ಕುಡಿದೇ ಬರುತ್ತೇನೆ.