ನವಿಲಿನ ಕೆಳಗಿದ್ದ ನನ್ನ ಹೆಸರು

ನಿನ್ನೆ ಪಕ್ಕದ ಮನೆಯ ಹುಡುಗಿ ಶಾಲೆಯ ಚಾರ್ಟು ಅಂಟಿಸಲೆಂದು ಮೈದಾಹಿಟ್ಟು ಕುದಿಸುತ್ತಿದ್ದಳು. ಆ ಹಸಿಹಸಿ ವಾಸನೆ ಕಿಟಕಿಯಿಂದ ಬಂದದ್ದೇ ತಡ, ನನ್ನ ನಾಲ್ಕನೇ ತರಗತಿಯ ಹೆಡ್‌ಮಾಸ್ತರ ಕಣ್ಣೆದುರು ನಿಂತ... ಗುರುಗಳನ್ನು ‘ಅವರು’ ಎನ್ನಬೇಕು, ಗೊತ್ತು. ಈ ಒಬ್ಬನ ವಿಷಯದಲ್ಲಿ ನನ್ನ ಕೈ ಒಪ್ಪುವುದಿಲ್ಲ.

ಆಗ ಶಹಾಪುರದ ಸುತ್ತ ಕಾಲುವೆ ಅಗೆಯುವ ಕೆಲಸ ನಡೆದಿತ್ತು. ಅವ್ವ ಅಲ್ಲಿ ಮಣ್ಣು ಹೊರುತ್ತಿದ್ದಳು. ನಮ್ಮಂಥ ಕೂಲಿಯವರ ಮಕ್ಕಳೇ ತುಂಬಿದ್ದ ಶಾಲೆಗೆ ಆತ ಇಸ್ತ್ರಿ ಮಾಡಿದ ಸಫಾರಿ ತೊಟ್ಟು ಬರುತ್ತಿದ್ದ. ನಮ್ಮ ಪಾಟಿಗಳನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಹಿಡಿಯುತ್ತಿದ್ದ. ಕಲಿಸಿದ್ದು ಅಷ್ಟರಲ್ಲೇ ಇತ್ತು. ಸಾಹೇಬರು ಬರುತ್ತಾರೆಂದರೆ ಮಾತ್ರ ಆತನಿಗೆ ಜೀವ ಬರುತ್ತಿತ್ತು.

ಒಮ್ಮೆ, ಮಕ್ಕಳು ಬರೆದ ಚಿತ್ರಗಳನ್ನು ಗೋಡೆಗೆ ಹಚ್ಚಿ ತಂದೆತಾಯಿಯರನ್ನು ಕರೆಸಬೇಕು, ಸಾಹೇಬರೂ ಬರುತ್ತಾರೆ ಎಂದು ಮೇಲಿನಿಂದ ಹೇಳಿಕೆ ಬಂತು. ನಮಗೆಲ್ಲ ಹಾಳೆ ಸಿಕ್ಕವು. ನಾನು ಅವ್ವನನ್ನು ಬರೆದೆ. ತಲೆಯ ಮೇಲೆ ಬುಟ್ಟಿ, ಹಸಿರು ಸೀರೆ, ಮೂಗಿನಲ್ಲಿ ಮುಖಕ್ಕಿಂತ ದೊಡ್ಡ ಮೂಗುತಿ...

“ಬರೀ ಮಣ್ಣ ತುಂಬೀರಲ್ಲಲೇ! ಸಾಹೇಬ್ರು ಮಣ್ಣ ನೋಡಾಕ ಬರ್ತಾರೇನು?” ಎಂದು ಆತ ನಕ್ಕ.

ಸಾಹೇಬರು ಬರುವ ದಿನ ನೋಡಿದರೆ ಗೋಡೆಯ ತುಂಬ ನವಿಲು, ಕಮಲ, ಹಂಸ. ಅಂಗಡಿ ಬೋರ್ಡು ಬರೆಯುವ ಪೇಂಟರನಿಂದ ಬರೆಸಿ, ಕೆಳಗೆ ನಮ್ಮ ಹೆಸರಿನ ಚೀಟಿಗಳನ್ನು ಅಂಟಿಸಿದ್ದ. ಅಂಟು ಕುದಿಸಿದ್ದು ಅಂಗಳದಲ್ಲಿ. ಒಲೆಗೆ ತುರುಕಿದ್ದು ನಮ್ಮ ಚಿತ್ರಗಳನ್ನು. ಹಸಿರು ಸೀರೆ ಸುರುಳಿಸುತ್ತಿ ಕಪ್ಪಾದದ್ದನ್ನು ನಾನು ನಿಂತು ನೋಡಿದೆ.

“ಯಾರರೆ ಬಾಯಿ ಬಿಟ್ರ ನಾಳಿಂದ ಶಾಲಿ ಇಲ್ಲ ನೋಡ್ರಿ!” ಎಂದು ಆತ ಮೊದಲೇ ಹೆದರಿಸಿದ್ದ.

ಅವ್ವ ಅರ್ಧ ದಿನದ ಕೂಲಿ ಬಿಟ್ಟು, ಕೈಕಾಲು ತೊಳೆದುಕೊಂಡು ಬಂದಳು. ಸಾಹೇಬರ ಮುಂದೆ ಹೆಡ್‌ಮಾಸ್ತರನ ದನಿಗೆ ಸಕ್ಕರೆ ಸುರಿದಂತಾಗಿತ್ತು. “ನೋಡಬೇ, ನಿನ್ನ ಮಗಳು ಎಂಥ ನವಿಲು ತೆಗದಾಳ!”

ಅವ್ವ ನವಿಲನ್ನು ನೋಡಿದಳು, ನನ್ನನ್ನು ನೋಡಿದಳು. “ನನ್ನ ತೆಗದೀನಿ ಅಂದಿದ್ದಿಯಲ್ಲ, ಎಲ್ಲಿ ಅದ ಅದು?”

ನನಗೆ ಅಳು ತಡೆಯಲಾಗಲಿಲ್ಲ. “ಸರು ಒಲಿಗಿ ಹಾಕ್ಯಾರ, ಯವ್ವಾ.”

“ಸಣ್ಣ ಹುಡುಗ್ರು ಸಾಹೇಬ್ರ, ಏನೇನರೆ ಅಂತಾವ,” ಎಂದು ಆತ ಹಲ್ಲು ಕಿರಿದ.

ಅವ್ವನಿಗೆ ಓದು ಬರುತ್ತಿರಲಿಲ್ಲ. “ನಿನ್ನ ಹೆಸರು ಯಾವುದದ, ತೋರಸು,” ಎಂದಳು. ತೋರಿಸಿದೆ. ಇನ್ನೂ ಹಸಿಯಾಗಿದ್ದ ಆ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. “ನವಿಲು ನಿಮ್ಮದು, ಇಟ್ಕೋರಿ ಸರ. ಹೆಸರು ನಮ್ಮದು.”

ಸಾಹೇಬರು ಗಡಿಯಾರ ನೋಡಿಕೊಂಡರು. ಆಮೇಲೆ ಮಿರ್ಚಿ ಭಜಿ ತಿಂದು, ನವಿಲನ್ನು ಹೊಗಳಿ, ಜೀಪು ಹತ್ತಿದರು.

ಮರುದಿನ ಆತ ನನ್ನನ್ನು ಶಾಲೆಯ ಮೆಟ್ಟಿಲು ಹತ್ತಗೊಡಲಿಲ್ಲ. ಅವ್ವ ನನ್ನನ್ನು ರಂಗಂಪೇಟೆಯ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಓದಿಸಿದಳು. ತಿಂಗಳಿಗೊಮ್ಮೆ ಬಂದು ಮುಖ ನೋಡಿ ಹೋಗುತ್ತಿದ್ದಳು. ಆತನಿಗೆ ಮುಂದೆ ಶಾಲು ಹೊದಿಸಿದರು, ಉತ್ತಮ ಶಿಕ್ಷಕನೆಂದು ಹಾರ ಹಾಕಿದರು. ಹಾಕಿದವರಿಗೂ ಅದೇ ಯೋಗ್ಯತೆ.

ಆತ ಸತ್ತು ಬಹಳ ಕಾಲವಾಯಿತು. ಸುದ್ದಿ ಕೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ, ಕೈ ನಿಲ್ಲಿಸಲಿಲ್ಲ.

ಅವ್ವನೂ ಈಗಿಲ್ಲ. ಒಂದೂ ಫೋಟೊ ತೆಗೆಸಿಕೊಂಡವಳಲ್ಲ. ಅಜ್ಜಿ ಹೇಗಿದ್ದಳೆಂದು ನನ್ನ ಮಕ್ಕಳು ಕೇಳುತ್ತಾರೆ. ಎಷ್ಟೋ ಸಲ ಪೆನ್ಸಿಲ್ ಹಿಡಿದು ಕೂತಿದ್ದೇನೆ... ಸೀರೆ ಬರುತ್ತದೆ, ಬುಟ್ಟಿ ಬರುತ್ತದೆ. ಮುಖ ಬರುವುದಿಲ್ಲ.