ಮನೆ ಓನರಮ್ಮನ ಒಂದೂವರೆ ನಿಮಿಷ

ನನ್ನ ಜೊತೆ ಕೆಲಸ ಮಾಡುತ್ತಿದ್ದ ಆಕೆಯನ್ನು ನಮ್ಮ ಆಫೀಸಿನಲ್ಲಿ ಪೂರ್ಣವಿರಾಮ ಎಂದು ಕರೆಯುತ್ತಿದ್ದೆವು. ಹೆಸರಿಟ್ಟವನು ನಾನೇ. ಅವರು ಬರೆದ ಸಬ್‌ಟೈಟಲ್‌ನಲ್ಲಿ ಚುಕ್ಕಿ ಇಲ್ಲದೆ ಮುಗಿದ ವಾಕ್ಯ ಒಂದೂ ಸಿಗುತ್ತಿರಲಿಲ್ಲ. ಮಾತೂ ಹಾಗೆಯೇ. ‘ಆಯ್ತು.’ ‘ಇಲ್ಲ.’ ‘ನಾಳೆ ಕೊಡ್ತೀನಿ.’ ಅದರ ಮೇಲೆ ಒಂದು ಪದ ಹೊರಡಿಸಬೇಕಾದರೆ ನಾವು ತಿಪ್ಪರಲಾಗ ಹಾಕಬೇಕಿತ್ತು. ಸೇಡಿಗೋ ಏನೋ, ಅವರು ನನ್ನನ್ನು ಕತ್ತರಿ ಎಂದರು. ಅದು ನನಗೆ ಚೆನ್ನಾಗಿಯೇ ಅಂಟಿಕೊಂಡಿತು.

ಡಿವಿಡಿಯಾಗಿ ಹೊರಬರುವ ಸಿನಿಮಾಗಳಿಗೆ ಕಿವಿ ಕೇಳದವರಿಗಾಗಿ ಸಬ್‌ಟೈಟಲ್ ಮಾಡಿಕೊಡುವುದು ನಮ್ಮ ಕಸುಬು. ಅವರು ಕೇಳಿಸಿಕೊಂಡು ಬರೆಯುತ್ತಾರೆ, ನಾನು ನೋಡಿ ತಿದ್ದುತ್ತೇನೆ. ನೋಡುತ್ತೇನೆ ಎಂದರೆ ಸಿನಿಮಾ ನೋಡುತ್ತೇನೆ ಎಂದುಕೊಳ್ಳಬೇಡಿ. ಹತ್ತೊಂಬತ್ತು ವರ್ಷದಲ್ಲಿ ನಾನು ಪೂರ್ತಿ ನೋಡಿದ ಸಿನಿಮಾ ಬೆರಳೆಣಿಕೆಯಷ್ಟು. ನನ್ನ ಮುಂದೆ ಇರುವುದು ಬರೀ ಸಾಲುಗಳ ಪಟ್ಟಿ. ಒಂದು ಸೆಕೆಂಡಿಗೆ ಇಷ್ಟೇ ಅಕ್ಷರ, ಅದಕ್ಕಿಂತ ಹೆಚ್ಚಾದರೆ ಕಣ್ಣಿಗೆ ಓದಲು ಆಗುವುದಿಲ್ಲ ಎಂಬುದು ನಿಯಮ. ನಿಯಮ ಮೀರಿದ ಸಾಲು ಕೆಂಪಾಗುತ್ತದೆ. ಕೆಂಪಾದದ್ದನ್ನು ಕತ್ತರಿಸಿ ಕಪ್ಪು ಮಾಡುವುದು ನನ್ನ ಕೆಲಸ. ‘ನಿನ್ನನ್ನು ನೋಡದೆ ನನಗೆ ಒಂದು ಕ್ಷಣವೂ ಇರೋಕೆ ಆಗ್ತಿಲ್ಲ’ ಎಂದು ನಾಯಕ ಗಳಗಳ ಅತ್ತರೆ, ನನ್ನ ಕೈಯಲ್ಲಿ ಅದು ‘ನೀನಿಲ್ಲದೆ ಇರಲಾರೆ’ ಆಗುತ್ತದೆ. ಅರ್ಥ ಅದೇ ತಾನೇ. ಹೀಗೆ ಕೊಚ್ಚುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನನಗೆ ಸ್ವಲ್ಪ ಜಂಬವೇ ಇತ್ತು.

ಪೂರ್ಣವಿರಾಮದ ಮನೆಯಲ್ಲಿ ಇದ್ದವರು ಅವರು ಮತ್ತು ಅವರ ತಾಯಿ. ತಾಯಿಗೆ ಕಿವಿ ಕೇಳುವುದಿಲ್ಲ ಎಂದು ನಮಗೆ ಗೊತ್ತಿತ್ತು. ಉಳಿದದ್ದೆಲ್ಲ ನನಗೆ ತಿಳಿದದ್ದು ಕೆಲಸ ಕೆಟ್ಟ ಮೇಲೆ. ಈಗ ಮೊದಲಿನಿಂದ ಹೇಳುತ್ತೇನೆ.

ಆ ತಾಯಿ ಮಗಳಿಗೆ ತದ್ವಿರುದ್ಧ, ಬಾಯಿ ಬಿಟ್ಟರೆ ನಿಲ್ಲಿಸುವ ಜಾತಿಯಲ್ಲ. ಗಂಡ ತೀರಿಕೊಂಡ ಮೇಲೆ, ಕಿವಿ ಇನ್ನೂ ಚೆನ್ನಾಗಿದ್ದಾಗ, ಮಹಡಿಯ ಮನೆಯನ್ನು ಬಾಡಿಗೆಗೆ ಕೊಟ್ಟರು. ಬಂದವನು ಸಿನಿಮಾ ಮಾಡುತ್ತೇನೆಂದು ಓಡಾಡುತ್ತಿದ್ದ ಒಬ್ಬ ಹುಡುಗ. ಮೆಟ್ಟಿಲ ಬುಡದಲ್ಲಿ ಅವನನ್ನು ಹಿಡಿದು ನಿಲ್ಲಿಸಿಕೊಂಡರೆ ಈಯಮ್ಮ ಅರ್ಧ ಗಂಟೆ ಬಿಡುತ್ತಿರಲಿಲ್ಲ. ಅವನು ಬೇಜಾರು ಮಾಡಿಕೊಳ್ಳುವ ಬದಲು ಕಿವಿಯಾಗಿ ನಿಂತು ಕೇಳಿದ. ಕೊನೆಗೆ ಸ್ನೇಹಿತರ ಕೈಕಾಲು ಹಿಡಿದು ಸಣ್ಣದೊಂದು ಸಿನಿಮಾ ಶುರು ಮಾಡಿದಾಗ, ಅದರಲ್ಲಿ ಮನೆ ಓನರಮ್ಮನ ಪಾತ್ರಕ್ಕೆ ಈ ಓನರಮ್ಮನನ್ನೇ ನಿಲ್ಲಿಸಿದ.

ಕಥೆ ಇಷ್ಟೇ: ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು, ಬಸ್ಸಿನಲ್ಲಿ ಕಂಡಕ್ಟರ್ ಆಗಿರುವವಳು; ಇಬ್ಬರಿಗೂ ಎದೆಯಲ್ಲಿರುವುದನ್ನು ಹೇಳಲು ಬಾಯಿ ಬರುವುದಿಲ್ಲ. ಅವನು ಬಾಡಿಗೆ ಮನೆ ಕೇಳಲು ಬಂದಾಗ ಓನರಮ್ಮ ಒಂದೂವರೆ ನಿಮಿಷ ಉಸಿರು ತೆಗೆದುಕೊಳ್ಳದೆ ಮಾತಾಡುತ್ತಾರೆ. ಅದಕ್ಕೆ ಬರೆದ ಸಂಭಾಷಣೆ ಇರಲಿಲ್ಲ. “ನಿಮಗೆ ಏನು ಬರುತ್ತೋ ಅದನ್ನೇ ಹೇಳಿ ಅಮ್ಮ” ಎಂದಿದ್ದನಂತೆ ನಿರ್ದೇಶಕ. ಮೂರು ಸಲ ತೆಗೆದರು, ಮೂರು ಸಲವೂ ಬೇರೆ ಬೇರೆ ಮಾತು. ಸಿನಿಮಾದಲ್ಲಿ ಯಾವುದು ಉಳಿಯಿತೆಂದು ಅವರಿಗೇ ಗೊತ್ತಿರಲಿಲ್ಲ.

ಶೂಟಿಂಗ್ ಮುಗಿದು ಎರಡು ತಿಂಗಳಿಗೆ ಆ ತಾಯಿಗೆ ಜ್ವರ ಬಂತು. ಜ್ವರ ಹೋಗುವಾಗ ಎರಡೂ ಕಿವಿ ತೆಗೆದುಕೊಂಡು ಹೋಯಿತು. ಮಷಿನ್ ಹಾಕಿದರೂ ಉಪಯೋಗವಿಲ್ಲ ಎಂದರು ಡಾಕ್ಟರು.

ಸಿನಿಮಾ ಥಿಯೇಟರಿಗೆ ಬಂತು, ಹನ್ನೊಂದು ದಿನ ಓಡಿತು. ಪತ್ರಿಕೆಯವರು ಹಾಡಿ ಹೊಗಳಿದರು, ಎರಡು ಪ್ರಶಸ್ತಿಯೂ ಸಿಕ್ಕಿತು. ಒಂದು ಪತ್ರಿಕೆಯಂತೂ ಓನರಮ್ಮನ ಒಂದೂವರೆ ನಿಮಿಷಕ್ಕಾಗಿಯೇ ಟಿಕೆಟ್ ತೆಗೆದುಕೊಳ್ಳಬಹುದು ಎಂದು ಬರೆಯಿತು. ಮಗಳು ತಾಯಿಯನ್ನು ಮೊದಲ ದಿನವೇ ಕರೆದುಕೊಂಡು ಹೋದರು. ಆ ದೃಶ್ಯ ಬಂದಾಗ ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನ ಭುಜಗಳೆಲ್ಲ ಕುಲುಕುವುದು ತಾಯಿಗೆ ಕಂಡಿತು. ಪಕ್ಕದಲ್ಲಿದ್ದ ಮಗಳನ್ನು ತಿವಿದು, ಕಿವಿ ಹೋದವರ ದೊಡ್ಡ ದನಿಯಲ್ಲಿ, “ಏನಂದೆ ನಾನು?” ಎಂದು ಕೇಳಿದರು. ಕತ್ತಲಲ್ಲಿ ಬರೆದು ತೋರಿಸುವುದು ಹೇಗೆ? ಮಗಳು ಅವರ ಕೈ ಒತ್ತಿದರು.

ಮನೆಗೆ ಬಂದು ನೆನಪಿದ್ದಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೊಟ್ಟರು. ತಾಯಿ ಓದಿ ಬದಿಗಿಟ್ಟರು. “ಯಾರು ಹತ್ತು ನಿಮಿಷ ಮಾತಾಡಿದ್ರೂ ಎರಡು ಪದ ಬರೆದು ಕೊಡ್ತೀಯ. ನನ್ನ ಮಾತಿಗೂ ಅದೇ ಗತಿನಾ? ನನ್ನ ಬಾಯಿ ಆಡೋವಾಗ್ಲೇ ನನಗೆ ಓದ್ಬೇಕು.” ಮಗಳು ಬರೆದರು: ‘ಡಿವಿಡಿ ಬರಲಿ. ಒಂದಕ್ಷರ ಬಿಡದೆ ಬರುತ್ತೆ. ನಾನೇ ಬರೀತೀನಿ.’ ಆ ಹಾಳೆಯನ್ನು ಅವರ ತಾಯಿ ಹರಿದು ಎತ್ತಿಟ್ಟುಕೊಂಡರಂತೆ.

ಎಂಟು ತಿಂಗಳ ನಂತರ ಡಿವಿಡಿಯ ಕೆಲಸ ನಮ್ಮಲ್ಲಿಗೇ ಬಂತು. ಪೂರ್ಣವಿರಾಮ ನಮ್ಮ ಆಫೀಸಿನ ಯಜಮಾನರ ಕೋಣೆಗೆ ಹೋಗಿ ಅದನ್ನು ಕೇಳಿ ಪಡೆದುಕೊಂಡರು. ಯಾಕೆಂದು ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಆ ಒಂದೂವರೆ ನಿಮಿಷವನ್ನು ಅವರು ನಿಯಮ ಗಾಳಿಗೆ ತೂರಿ ಪೂರ್ತಿ ಬರೆದರು. ಪಕ್ಕದ ಷರಾದ ಕಾಲಂನಲ್ಲಿ ‘ಕೆಂಪಾಗಿದ್ದರೂ ಮುಟ್ಟಬೇಡಿ. ಬಂದು ಹೇಳುತ್ತೇನೆ.’ ಎಂದು ಹಾಕಿ, ಮರುದಿನ ತಾಯಿಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಲು ರಜೆ ಹಾಕಿದರು.

ನಾನು ಷರಾದ ಕಾಲಂ ತೆರೆದು ಇಟ್ಟುಕೊಳ್ಳುವವನಲ್ಲ. ಅದು ಪರದೆಯಲ್ಲಿ ಜಾಗ ತಿನ್ನುತ್ತದೆ ಎಂದು ಮುಚ್ಚಿಬಿಡುತ್ತೇನೆ. ಅವರು ರಜೆಯಲ್ಲಿದ್ದ ದಿನ ಮಧ್ಯಾಹ್ನದೊಳಗೆ ಫೈಲು ಕಳಿಸಬೇಕಿತ್ತು. ಉದ್ದಕ್ಕೂ ಕಪ್ಪಗಿದ್ದ ಪಟ್ಟಿಯಲ್ಲಿ ಒಂದೇ ಕಡೆ ಇಪ್ಪತ್ತಮೂರು ಸಾಲು ಕೆಂಡದ ಹಾಗೆ ಕೆಂಪಾಗಿ ಕೂತಿದ್ದವು. ಇಷ್ಟು ಅನುಭವ ಇರುವವರು ಹೀಗೆ ಮಾಡುತ್ತಾರಾ ಎಂದು ಗೊಣಗಿಕೊಂಡು ಕತ್ತರಿ ಆಡಿಸಿದೆ. ಚಿತ್ರ ಹಾಕಿ ನೋಡಲಿಲ್ಲ, ದನಿ ಕೇಳಲಿಲ್ಲ. ಹತ್ತು ನಿಮಿಷ ಹಿಡಿಯಿತು. ಟೀ ಕುಡಿಯಲು ಹೋದೆ.

ಅವರು ಬರೆದದ್ದರಲ್ಲಿ ಒಂದು ತುಣುಕು ಹೀಗಿತ್ತು: ‘ಮನೆ ಕೊಡ್ತೀನಿ, ಕೊಡಲ್ಲ ಅಂದಿಲ್ಲ, ಆದ್ರೆ ನಲ್ಲಿ ತಿರುಗಿಸಿ ಮರೀಬಾರ್ದು, ಬಾಗಿಲು ಧಡ್ ಅನ್ನಿಸ್ಬಾರ್ದು, ಆ ಹುಡುಗಿ ಬರೋದಾದ್ರೆ ಮುಂದಿನ ಬಾಗ್ಲಲ್ಲೇ ಬರ್ಲಿ, ಹಿಂದಿನ ಬಾಗ್ಲಲ್ಲಿ ಬಂದ್ರೆ ನನಗೆ ಕಾಣಿಸಲ್ಲ, ಕಾಣಿಸ್ದಿದ್ರೆ ನನಗೆ ಹೊತ್ತು ಹೋಗಲ್ಲ. ನಮ್ಮನೆಯವ್ರು ಇದ್ದಾಗ ಜಗಳನಾದ್ರೂ ಆಡ್ತಿದ್ವಿ, ಈಗ ಜಗಳಕ್ಕೂ ಜನ ಇಲ್ಲ, ಅದಕ್ಕೇ ಬಾಡಿಗೆಗೆ ಬೋರ್ಡು ಹಾಕಿರೋದು.’

ನಾನು ಮಾಡಿದ್ದು: ‘ಮನೆ ಕೊಡುತ್ತೇನೆ. ನಲ್ಲಿ ನಿಲ್ಲಿಸಿ. ಬಾಗಿಲು ಮೆಲ್ಲಗೆ ಹಾಕಿ. ಹುಡುಗಿ ಮುಂದಿನ ಬಾಗಿಲಿಂದ ಬರಲಿ.’

ಮರುದಿನ ಪೂರ್ಣವಿರಾಮ ಬಂದು, “ಷರಾ ನೋಡಿದ್ರಾ ಸರ್?” ಎಂದು ಕೇಳಿದರು. ನಾನು ತಲೆ ಎತ್ತದೆ “ಎಲ್ಲಾ ನೋಡಿ ಕಳಿಸಿದೀನಿ” ಎಂದೆ. ಅದೊಂದು ಬಾಯಿ ರೂಢಿ. ನನ್ನ ಮಾತನ್ನು ಅವರು ನಂಬಿದರು.

ಡಿವಿಡಿ ಅಂಗಡಿಗೆ ಬಂದ ಶನಿವಾರ ತಾಯಿ ತಾವೇ ಹೋಗಿ ಬಿಲ್ಲಿನ ಸರದಿಯಲ್ಲಿ ನಿಂತು ಒಂದನ್ನು ತಂದರು. ಎರಡು ವಾರ ಬಿಟ್ಟು ಅಕ್ಕಪಕ್ಕದವರನ್ನೂ ಮಗಳ ಚಿಕ್ಕಮ್ಮನನ್ನೂ ಕರೆದು ತೋರಿಸುವುದೆಂದು ತೀರ್ಮಾನವಾಗಿತ್ತು. ಮೊದಲು ತಾನೊಬ್ಬಳೇ ಓದಿಬಿಡಬೇಕು, ಆಮೇಲೆ ಅವರೆಲ್ಲ ಎಲ್ಲಿ ನಗುತ್ತಾರೆಂದು ನೋಡಬೇಕು, ಅದು ಅವರ ಆಸೆ.

ಸೋಮವಾರ ಬೆಳಗ್ಗೆ ಪೂರ್ಣವಿರಾಮ ನನ್ನ ಮೇಜಿನ ಮುಂದೆ ಬಂದು ನಿಂತರು. ಜಗಳ ಆಡಲಿಲ್ಲ. 

“ಅದು ನಮ್ಮಮ್ಮ, ಸರ್” ಎಂದರು.

ಆಮೇಲೆ ಎಲ್ಲವನ್ನೂ ಹೇಳಿದರು. ಮೊದಲ ಸಲ ಅವರ ಬಾಯಿಂದ ಅಷ್ಟು ಮಾತು ಕೇಳಿದೆ. ಟಿವಿಯ ಮುಂದೆ ತಾಯಿ ಹೇಗೆ ಬಾಗಿ ಕೂತಿದ್ದರು, ಸಾಲು ಬಂದು ನಿಂತಾಗ ಹೇಗೆ ಜೋರಾಗಿ ಓದಿದರು, ಆಮೇಲೆ ಹೇಗೆ ಪರದೆಗೆ ಬೆರಳು ತೋರಿಸಿದರು. “ನನ್ನ ಬಾಯಿ ಇನ್ನೂ ಆಡ್ತಾನೇ ಇದೆ, ಅಕ್ಷರ ಯಾಕೆ ನಿಂತೋಯ್ತು?” ಎಂದು ಕೇಳಿದರಂತೆ. ಮಗಳು ನೋಟ್‌ಬುಕ್ ತೆಗೆದು ಪೂರ್ತಿ ಮಾತು ಬರೆದು ಕೊಟ್ಟರು. ತಾಯಿ ಓದಿದರು, ಮಗಳ ತಲೆ ಸವರಿದರು. “ಒಂದಕ್ಷರ ಬಿಡದೆ ಬರುತ್ತೆ ಅಂದಿದ್ದೆ, ಟಿವಿಯಲ್ಲಿ ಬಂದಿದ್ದೇ ನಾನು ಆಡಿದ್ದು. ಇದು ನೀನು ಬರೆದಿದ್ದು. ಸಮಾಧಾನ ಮಾಡ್ಬೇಡ ಬಿಡು” ಎಂದರು.

ನಾನು ಯಜಮಾನರ ಹತ್ತಿರ ಓಡಿದೆ. ಅವರು ಕೆಟ್ಟವರಲ್ಲ. ಕೇಳಿಸಿಕೊಂಡು, ಕನ್ನಡಕ ತೆಗೆದು, “ಅಚ್ಚಾಗಿ ಹೋಗಿರೋದನ್ನ ಏನಂತ ತಿದ್ದೋದು? ಮತ್ತೆ ಒತ್ತಿಸಿದ್ರೆ ನೋಡೋಣ, ಆದ್ರೆ ಇಂಥ ಸಿನಿಮಾನ ಯಾರು ಎರಡನೇ ಸಲ ಒತ್ತಿಸ್ತಾರೆ?” ಎಂದರು. ನಿರ್ದೇಶಕನಿಗೆ ಫೋನು ಮಾಡಿದೆ.  ಹಕ್ಕೆಲ್ಲ ಬರೆದು ಕೊಟ್ಟಾಗಿದೆ, ತನ್ನ ಕೈಯಲ್ಲೂ ಏನೂ ಇಲ್ಲ ಎಂದ. ಎಲ್ಲರೂ ಒಳ್ಳೆಯವರೇ, ಯಾರ ಕೈಯಲ್ಲೂ ಏನೂ ಇರಲಿಲ್ಲ.

ಕೊನೆಗೆ ನನಗೆ ತೋಚಿದ್ದು ಒಂದೇ. ಆ ವಾರ ಕೂತು, ಪೂರ್ಣವಿರಾಮ ಬರೆದ ಇಪ್ಪತ್ತಮೂರು ಸಾಲನ್ನೂ ಇದ್ದ ಹಾಗೇ ಹಾಕಿ ಬೇರೆ ಡಿವಿಡಿ ಮಾಡಿದೆ. ಕೆಂಪು ಸಾಲನ್ನು ಕೆಂಪಾಗಿಯೇ ಬಿಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಭಾನುವಾರ ಮಧ್ಯಾಹ್ನ ಅದನ್ನು ಹಿಡಿದು ಅವರ ಮನೆಗೆ ಹೋದೆ.

ಗೇಟು ತೆಗೆದರೆ ಎಡಕ್ಕೆ ಮಹಡಿಯ ಮೆಟ್ಟಿಲು, ಬಲಕ್ಕೆ ಇವರ ಬಾಗಿಲು. ಮುಂದಿನ ಕೋಣೆಯಲ್ಲಿ ಬೆತ್ತದ ಕುರ್ಚಿ ಎರಡು, ಟಿವಿಯ ಮೇಲೆ ಕಸೂತಿ ಹಾಕಿದ ಬಟ್ಟೆ. ತಾಯಿ ಸಣ್ಣ ಆಳು, ದೊಡ್ಡ ಕನ್ನಡಕ. “ನೀವೇನಾ ಕತ್ತರಿ?” ಎಂದು ನಕ್ಕರು. ಮಗಳು ನನ್ನ ಬಗ್ಗೆ ಬರೆದು ತಿಳಿಸಿದ್ದರು. ನಾನು ಡಿವಿಡಿಯನ್ನು ಮುಂದೆ ಹಿಡಿದೆ.

ಡಿವಿಡಿ ಹಾಕಿದೆವು. ಪರದೆಯ ಮೇಲೆ ಅದೇ ತಾಯಿ ಅದೇ ಮೆಟ್ಟಿಲ ಬುಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತರು. ಬಾಯಿ ಶುರುವಾಯಿತು, ಸಾಲುಗಳೂ ಶುರುವಾದವು. ಇಲ್ಲಿ ಕೂತ ತಾಯಿ ಮುಂದಕ್ಕೆ ಬಾಗಿ ಓದತೊಡಗಿದರು. “ಮನೆ ಕೊಡ್ತೀನಿ, ಕೊಡಲ್ಲ ಅಂದಿಲ್ಲ...” ಅಷ್ಟರಲ್ಲಿ ಸಾಲು ಹೋಗಿ ಇನ್ನೊಂದು ಬಂದಿತ್ತು. ಅದರ ಎರಡು ಪದ ಹಿಡಿಯುವಷ್ಟರಲ್ಲಿ ಮೂರನೆಯದು. ಒಂದೂವರೆ ನಿಮಿಷ ಅವರ ಕಣ್ಣು ಬಸ್ಸಿನ ಹಿಂದೆ ಓಡುವವರ ಹಾಗೆ ಓಡಿತು. ಹತ್ತೊಂಬತ್ತು ವರ್ಷ ನಾನು ಕಾಪಾಡಿದ ನಿಯಮ ಸರಿಯಾಗಿಯೇ ಇತ್ತು. ಆ ಮಾತನ್ನು ಆ ವೇಗದಲ್ಲಿ ಯಾರಿಗೂ ಓದಲು ಆಗುತ್ತಿರಲಿಲ್ಲ.

ಮತ್ತೆ ಹಾಕಿದೆವು, ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲ ಮಗಳು ಒಂದೊಂದು ಸಾಲಿಗೂ ನಿಲ್ಲಿಸಿದರು. ಆಗ ತಾಯಿ ಎಲ್ಲವನ್ನೂ ಓದಿದರು. ಆದರೆ ನಿಲ್ಲಿಸಿದಾಗಲೆಲ್ಲ ಪರದೆಯ ಮುಖವೂ ಬಾಯಿ ಅರ್ಧ ತೆರೆದುಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ನಿಲ್ಲುತ್ತಿತ್ತು. ಬಾಯಿ ಆಡುವಾಗ ಅಕ್ಷರ ಸಿಗಲಿಲ್ಲ, ಅಕ್ಷರ ಸಿಕ್ಕಾಗ ಬಾಯಿ ಆಡಲಿಲ್ಲ. ಜಗಳಕ್ಕೂ ಜನ ಇಲ್ಲ ಎಂಬ ಸಾಲನ್ನು ಅವರು ಎರಡು ಸಲ ಓದಿದರು. 

“ತುಂಬಾ ಚೆನ್ನಾಗಿದೆ” ಎಂದರು. “ಯಾರು ಬರೆದಿದ್ದು? ನೀವಾ, ಇವಳಾ?”

ನಾನು ನೋಟ್‌ಬುಕ್ ಎಳೆದುಕೊಂಡು ಬರೆದೆ: ‘ನೀವೇ ಆಡಿದ್ದು ಅಮ್ಮಾ. ನಾನು ನೋಡದೆ ಕತ್ತರಿಸಿದೆ. ತಪ್ಪು ನನ್ನದು.’  ಅವರು ಓದಿ ನನ್ನನ್ನು ಕರುಣೆಯಿಂದ ನೋಡಿದರು.

“ಊರಿಗೆಲ್ಲ ಮಾರಿರೋ ಡಿವಿಡಿಯಲ್ಲಿ ಇಲ್ದಿರೋ ಮಾತು ನನ್ನೊಬ್ಬಳಿಗೆ ಮಾಡಿದ್ರಲ್ಲಿ ಬಂತಾ? ನನ್ನ ಕಿವಿ ಹೋಗಿದೆ, ತಲೆ ಹೋಗಿಲ್ಲ.”

ಮಗಳು ನೋಟ್‌ಬುಕ್ ಕಿತ್ತುಕೊಂಡು ‘ನಿಜ ಅಮ್ಮ, ಆಣೆ’ ಎಂದು ಬರೆದರು. ತಾಯಿ ಅದನ್ನು ಮೆಲ್ಲಗೆ ಮುಚ್ಚಿದರು.

“ನೀವಿಬ್ರೂ ನನ್ನ ಮನಸ್ಸು ನೋಯ್ಬಾರ್ದು ಅಂತ ಕಷ್ಟಪಟ್ಟಿದೀರ, ಅದು ನನಗೆ ಗೊತ್ತಾಗುತ್ತೆ. ಆದ್ರೆ ನಲ್ಲಿ ನಿಲ್ಸಿ, ಬಾಗಿಲು ಮೆಲ್ಲಗೆ ಹಾಕಿ ಅಂದ್ರೆ ಯಾರಾದ್ರೂ ನಗ್ತಾರಾ? ಅವತ್ತು ಥಿಯೇಟರಲ್ಲಿ ಅಷ್ಟು ಜನ ನಕ್ಕಿದ್ದು ಮಾತಿಗಲ್ಲ. ನನ್ನನ್ನ ನೋಡಿ ನಕ್ರು. ಈ ಕನ್ನಡಕ, ಈ ಸೊಂಟದ ಮೇಲಿನ ಕೈ. ನನಗೆ ಅವತ್ತೇ ಅನುಮಾನ ಇತ್ತು.”

ಮಗಳ ಕಡೆ ತಿರುಗಿ, “ಚಿಕ್ಕಮ್ಮನಿಗೆ ಬರೋದು ಬೇಡ ಅಂತ ಹೇಳ್ಬಿಡು. ಪಕ್ಕದ ಮನೆಯವ್ರಿಗೂ ಹೇಳು, ಟಿವಿ ಕೆಟ್ಟಿದೆ ಅಂತ” ಎಂದರು. ಮಗಳು ಡಿವಿಡಿ ತೆಗೆದು ಡಬ್ಬಿಗೆ ಹಾಕುವಾಗ ಅಳುತ್ತಿದ್ದರು. ತಾಯಿಯ ಕಡೆ ಬೆನ್ನು ಮಾಡಿದ್ದರಿಂದ ಅದು ಕಂಡದ್ದು ನನಗೊಬ್ಬನಿಗೇ.

ನಾನು ಎದ್ದೆ. ಬಾಗಿಲವರೆಗೂ ತಾಯಿ ಬಂದರು. ನನ್ನ ಮುಖ ಎಷ್ಟು ಬಾಡಿತ್ತೋ ಏನೋ, ತೋಳು ಮುಟ್ಟಿ, ಬೀದಿಯಲ್ಲಿ ಹೋಗುವವರು ತಿರುಗಿ ನೋಡುವ ದನಿಯಲ್ಲಿ, “ಬೇಜಾರು ಮಾಡ್ಕೋಬೇಡಿ. ಹೇಗಾದ್ರೇನು, ಜನ ನಕ್ಕರಲ್ಲ. ನನ್ನನ್ನ ನೋಡಿ ನಕ್ಕಿದ್ರೂ ನಗಿಸಿದ್ದು ನಾನೇ ಅಲ್ವಾ?” ಎಂದರು.

ಹಾಗಲ್ಲ ಅಮ್ಮಾ, ನಿಮ್ಮನ್ನು ನೋಡಿ ನಗಲಿಲ್ಲ, ನಿಮ್ಮ ಮಾತಿಗೇ ನಕ್ಕರು ಎಂದು ಹೇಳಬೇಕಿತ್ತು. ನೋಟ್‌ಬುಕ್ಕು ಒಳಗೇ ಉಳಿದಿತ್ತು. ಅಲ್ಲ, ಅಲ್ಲ ಎಂದು ಜೋರಾಗಿ ತಲೆಯಾಡಿಸಿದೆ. ನನಗೆ ಬೇಜಾರಿಲ್ಲವೆಂದು ಹೇಳುತ್ತಿದ್ದೇನೆ ಎಂದುಕೊಂಡು ಅವರು ನಕ್ಕು, ಬಾಗಿಲು ಮೆಲ್ಲಗೆ ಹಾಕಿಕೊಂಡರು.